ಪದವಿಲ್ಲದ ನಾಲ್ಕು ನಿಮಿಷ

"ಈ ಕುರ್ಚಿಗೆ ನನ್ನ ಹೊಟ್ಟ್ಯಾಗಿಂದು ಕಾಣತೈತೇನ?"

ಕಾಶವ್ವ ಇದನ್ನು ಯಾರಿಗೂ ಕೇಳಿದ್ದಲ್ಲ. ಆ ಸಣ್ಣ ಕೋಣೆಯಲ್ಲಿ ಆಕೆ ಒಬ್ಬಳೇ ಇದ್ದಳು. ಗದ್ದವನ್ನು ಮೆತ್ತನೆಯ ಆಸರೆಯ ಮೇಲಿಟ್ಟು, ಎರಡೂ ಅಂಗೈಗಳನ್ನು ಕುರ್ಚಿಯ ತೋಳಿನ ತಣ್ಣನೆಯ ತಗಡಿಗೆ ಊರಿ, ಎದುರಿನ ಬಿಳಿ ಗೋಡೆಯನ್ನು ನೋಡುತ್ತ ಕೇಳಿದಳು. ಬಲಗಡೆ ಒಂದು ಗಾಜು ಇತ್ತು. ಆಕೆಯ ಕಡೆಯಿಂದ ನೋಡಿದರೆ ಅದು ಕನ್ನಡಿ. ಅದರ ಹಿಂದೆ ನಾನು ಕೂತಿದ್ದೆ.

ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಉತ್ತರ ಕೊಡುವ ಹಾಗಿರಲಿಲ್ಲ. ಕುರ್ಚಿ ಅಳೆಯುವ ನಾಲ್ಕು ನಿಮಿಷ ನಿರ್ವಾಹಕರು ಬಾಯಿ ತೆರೆಯಬಾರದು, ಒಂದು ಮಾತು ಕಿವಿಗೆ ಬಿದ್ದರೂ ಒಳಗಿನ ಲೆಕ್ಕ ಕದಡುತ್ತದೆ ಎಂಬುದು ನಿಯಮ. ನಾನು ಸುಮ್ಮನೆ ನಕ್ಕೆ. ಅವತ್ತು ನಕ್ಕದ್ದು ಚೆನ್ನಾಗಿ ನೆನಪಿದೆ.

ಆಮೇಲೆ ಆಕೆಯ ತುಟಿ ಅಲುಗಲು ಶುರುವಾಯಿತು. ನನ್ನ ಮುಂದಿನ ಪರದೆಯ ಮೇಲೆ ಉಸಿರಿನ ಗೆರೆ ಅದುವರೆಗೂ ಮುಳ್ಳುಬೇಲಿಯ ಹಾಗೆ ಇತ್ತು. ನೋಡನೋಡುತ್ತ ಅದು ಇಳಿಯಿತು, ಅಗಲವಾಯಿತು, ಮರಳಿನ ಮೇಲೆ ಬಿದ್ದ ಗಾಳಿಯ ಗುರುತಿನಂತೆ ಒಂದೇ ಸಮನಾಯಿತು. ನಾಡಿ ಅದರ ಹಿಂದೆ ಹೋಯಿತು. ಅಂಗೈ ಬೆವರು ಆರಿತು. ನಾಲ್ಕು ನಿಮಿಷ ಮುಗಿದಾಗ ಮೇಲೆ ಅಂಕ ಮೂಡಿತು: ಇಪ್ಪತ್ಮೂರು.

ಮೂವತ್ತರ ಕೆಳಗೆ ಬಂದವರಿಗೆ ಡಾಕ್ಟರಿಲ್ಲ, ಚೀಟಿ. ಅದು ಅವರವರ ಭಾಷೆಯಲ್ಲೇ ಅಚ್ಚಾಗಿ ಬರುತ್ತದೆ. "ನೀರು ಹೆಚ್ಚು ಕುಡಿಯಿರಿ. ವಿಶ್ರಾಂತಿ ತೆಗೆದುಕೊಳ್ಳಿ. ಬೇಕಾದರೆ ಆರು ವಾರ ಬಿಟ್ಟು ಬನ್ನಿ." ಅದನ್ನು ಮಡಚಿ ಕಿಂಡಿಯಿಂದ ಕೊಟ್ಟೆ. ಕಾಶವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅದು ಆಕೆಯ ಮೂರನೆಯ ಸಲ.

*

ನನ್ನ ಹೆಸರು ದಾನೇಶ್ವರಿ. ಊರು ಧಾರವಾಡದ ಹತ್ತಿರದ ಗರಗ. ದೇಹ ಕೊಡುವ ಸಂಕೇತಗಳನ್ನು ಅಳೆಯುವ ಉಪಕರಣಗಳ ಬಗ್ಗೆ ಓದಿ, ಉತ್ತರ ಸಮುದ್ರದ ದಂಡೆಯ ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾಯಿತು.

ಇಲ್ಲಿ ಜೇನುಹುಳು ಸತ್ತುಹೋಗಿ ಬಹಳ ಕಾಲವಾಗಿದೆ. ತಿನ್ನುವುದೆಲ್ಲ ಗಾಜಿನ ಮನೆಗಳ ಒಳಗೇ ಬೆಳೆಯುತ್ತದೆ, ಹೂವಿಗೆ ಪರಾಗ ಮುಟ್ಟಿಸುವುದಕ್ಕೆ ಮನುಷ್ಯರ ಬೆರಳು ಬೇಕು. ಯಂತ್ರದ ಬೆರಳುಗಳನ್ನು ಮಾಡಿ ನೋಡಿದರು. ಅವು ಹೂವನ್ನೇ ಕೀಳುತ್ತಿದ್ದವು. ಆಗ ಯಾರೋ ನಮ್ಮ ಕೊಪ್ಪಳ, ಕುಷ್ಟಗಿ, ರಾಣೆಬೆನ್ನೂರು ಸೀಮೆಯ ಹೆಣ್ಣುಮಕ್ಕಳ ಹೆಸರು ಹೇಳಿದರು. ಬೀಜದ ಕಂಪನಿಗಳ ಹೊಲದಲ್ಲಿ ಅವ್ವಂದಿರು, ಅಜ್ಜಿಯರು ಮಾಡುತ್ತ ಬಂದ ಕ್ರಾಸಿಂಗ್ ಕೆಲಸ ಅದು. ಮೊಗ್ಗನ್ನು ಚಿಮುಟದಿಂದ ಬಿಡಿಸಿ, ಗಂಡು ಕೇಸರ ತೆಗೆದು, ಬೇರೆ ಹೂವಿನ ಪುಡಿಯನ್ನು ನವಿರಾಗಿ ಮುಟ್ಟಿಸುವುದು. ಒಬ್ಬೊಬ್ಬಳು ದಿನಕ್ಕೆ ಎರಡು ಸಾವಿರ ಹೂ ಮುಗಿಸುತ್ತಾಳೆ. ಹಂಗಾಮಿನ ಪರವಾನಿಗೆಯ ಮೇಲೆ ಹಾಗೆ ಬಂದವರು ಈಗ ನಾಲ್ಕು ಸಾವಿರ.

ಮೊದಮೊದಲು ಅವರಿಗೆ ಡಾಕ್ಟರ ಹತ್ತಿರ ಹೋಗುವುದೇ ಒಂದು ಪರೀಕ್ಷೆಯಾಗಿತ್ತು. ಭಾಷೆ ಬಾರದು. ಫೋನಿನಲ್ಲಿ ಒಬ್ಬ ದುಭಾಷಿ ಇದ್ದ, ಮೈಸೂರು ಕಡೆಯವನು, ಬಹಳ ಸಂಕೋಚದ ಮನುಷ್ಯ. ಹೆಣ್ಣುಮಕ್ಕಳು ಮುಟ್ಟಿನ ವಿಷಯ ತೆಗೆದರೆ ಆತನ ದನಿಯೇ ಅಡಗುತ್ತಿತ್ತು. ಏನು ಹೇಳಿದರೂ "ಹೊಟ್ಟೆ ನೋವಂತೆ" ಎಂದು ಅನುವಾದಿಸುತ್ತಿದ್ದ. ಕಾಶವ್ವನ ಓರಗಿತ್ತಿ ಗುರವ್ವ ಅವನ ಅಣಕವಾಡುವುದರಲ್ಲಿ ಗಟ್ಟಿಗಿತ್ತಿ. "ಕಾಲ ಮುರದೈತ್ರಿ ಅಂದ್ರೂ ಹೊಟ್ಟಿನೋವಂತೆ. ಹಲ್ಲ ಬಿದ್ದೈತ್ರಿ ಅಂದ್ರೂ ಹೊಟ್ಟಿನೋವಂತೆ. ಆ ಪುಣ್ಯಾತ್ಮಂದ ಹೊಟ್ಟೀಗೇ ಏನರೆ ಆಗಿತ್ತೋ ಏನೋ!"

ಅದಕ್ಕೇ ಎರಡು ವರ್ಷದ ಹಿಂದೆ ಕುರ್ಚಿ ಬಂದಾಗ ನಾನು ಹಿಗ್ಗಿದೆ. ಕುರ್ಚಿ ರೋಗ ಹುಡುಕುವುದಿಲ್ಲ. ಉಸಿರು, ನಾಡಿ, ಬೆವರು, ಮುಖದ ಸಣ್ಣ ಸ್ನಾಯುಗಳ ಸೆಳೆತ ಇವನ್ನು ಕೂಡಿಸಿ, ಈ ದೇಹ ಎಷ್ಟು ಸಂಕಟದಲ್ಲಿದೆ ಎಂದು ನೂರಕ್ಕೆ ಇಷ್ಟು ಅಂತ ಹೇಳುತ್ತದೆ. ಅರವತ್ತು ದಾಟಿದರೆ ಅವತ್ತೇ ಡಾಕ್ಟರು. ಮೂವತ್ತರಿಂದ ಅರವತ್ತು ತಿಂಗಳೊಳಗೆ. ಭಾಷೆ ಬೇಡ, ಪರಪುರುಷನ ಎದುರು ಬಾಯಿ ಬಿಡುವುದು ಬೇಡ, ನಾಚಿಕೆ ಬೇಡ. ಹೇಳಲಾರದವರ ನೋವನ್ನು ದೇಹವೇ ಹೇಳಿಬಿಡುತ್ತದೆ ಎಂದು ಡಾಕ್ಟರ್ ಮಾರ್ಟೆ ಹೇಳಿದಾಗ ನನ್ನ ಕಣ್ಣು ತುಂಬಿದ್ದವು. ಮಾರ್ಟೆ ಈ ಊರಿನವಳೇ, ಕುರ್ಚಿಯ ಹೊಣೆ ಹೊತ್ತ ವೈದ್ಯೆ. ಒಳ್ಳೆಯ ಹೆಂಗಸು. ಈಗಲೂ ಹಾಗೇ ಹೇಳುತ್ತೇನೆ.

ಮೊದಲ ತಿಂಗಳು ಎಡವಟ್ಟಾಯಿತು. ನಮ್ಮ ಹೆಂಗಸರು ಕುರ್ಚಿಗೆ ಹೆದರಿದರು. ಗದ್ದ ಇಡುವ ಆಸರೆ, ಮಣಿಕಟ್ಟಿನ ಪಟ್ಟಿ, ತಾನೇ ಮುಚ್ಚಿಕೊಳ್ಳುವ ಬಾಗಿಲು. ನೆಗಡಿ ಆದವಳಿಗೂ ಎಪ್ಪತ್ತು, ಬೆರಳಿಗೆ ಮುಳ್ಳು ಚುಚ್ಚಿದವಳಿಗೂ ಎಪ್ಪತ್ನಾಲ್ಕು. ಆಸ್ಪತ್ರೆಯ ಅಂಗಳ ಜಾತ್ರೆಯಾಯಿತು. ಮೇಲಿನ ಸಮಿತಿಯವರು, ಈ ಜನಕ್ಕೆ ಇದು ಹೊಂದುವುದಿಲ್ಲ, ಕುರ್ಚಿ ತೆಗೆದುಬಿಡುತ್ತೇವೆ ಎಂದರು. ತೆಗೆದರೆ ಮತ್ತೆ ಆ ಫೋನಿನ ಮನುಷ್ಯನೇ ಗತಿ.

ಆಗ ನನಗೆ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯೂ ಪಟ್ಟೆ.

*

ನಮ್ಮ ಮನೆಯಲ್ಲಿ ಪುಸ್ತಕಕ್ಕಿಂತ ಮೊದಲು ಪದ ಇತ್ತು. ಅಜ್ಜಿ ನಸುಕಿನಲ್ಲಿ ಲಿಂಗ ಹಿಡಿದು ಕೂತರೆ ಒಂದು ನುಡಿ, ಒಂದು ಉಸಿರು. ಬೀಸುವ ಕಲ್ಲು ಹೋಗಿ ಎಷ್ಟೋ ಕಾಲವಾಗಿದ್ದರೂ ಬೀಸುವ ಪದಗಳು ಆಕೆಯ ಬಾಯಲ್ಲಿ ಉಳಿದಿದ್ದವು. ಜ್ವರ ಬಂದರೆ, ಸಿಡಿಲು ಹೊಡೆದರೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಕೂಗಬ್ಯಾಡ, ಪದ ಹೇಳು" ಎನ್ನುತ್ತಿದ್ದಳು. ನಾನು ಹೇಳುವುದಕ್ಕಿಂತ ಕೇಳಿದ್ದೇ ಹೆಚ್ಚು. ಕೇಳುತ್ತ ಕೇಳುತ್ತ ಹೆದರಿಕೆ ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಆ ಭಾನುವಾರ ಹೆಂಗಸರ ವಸತಿಗೆ ಹೋದೆ. ಸಮುದ್ರದ ಕಡೆ ಬೆನ್ನು ಮಾಡಿ ನಿಂತ ತಗಡಿನ ಮನೆಗಳು. ಮಧ್ಯದಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ. ಹತ್ತು ಹೆಂಗಸರು ಒಟ್ಟಿಗೆ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿಗೆ ಪಕ್ಕದ ಓಣಿಯ ಬಿಳಿಯ ಮುದುಕನೊಬ್ಬ, ಇವರು ಗೋಡೆ ಒಡೆಯುತ್ತಿದ್ದಾರೆ ಎಂದು ಪೊಲೀಸರಿಗೆ ಹೇಳಿದ್ದನಂತೆ. ಪೊಲೀಸನೊಬ್ಬ ಬಂದು ನೋಡಿ, ಎರಡು ರೊಟ್ಟಿ ತಿಂದು ಹೋದನಂತೆ.

ಕಾಶವ್ವ ಒಲೆಯ ಹತ್ತಿರ ಇದ್ದಳು. ಮೂವತ್ತೆಂಟು ವರ್ಷ, ಎತ್ತರದ ಹೆಂಗಸು, ಮಾತು ಕಡಿಮೆ. ಟೊಮೆಟೊ ಸಾಲಿನ ತುದಿಯಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಿ ಬೆಳೆಸಿದ ಪುಂಡಿಯ ಪಲ್ಯವನ್ನು ನನ್ನ ತಟ್ಟೆಗೆ ಹಾಕಿದಳು.

"ಕುರ್ಚಿಗೆ ಯಾಕ ಹೆದರತೀರಿ? ಅದು ಕಚ್ಚಂಗಿಲ್ಲ" ಎಂದೆ.

"ಕಚ್ಚಂಗಿಲ್ಲರಿ ಅಕ್ಕಾರ, ನುಂಗತೈತಿ" ಎಂದಳು ಗುರವ್ವ. ಎಲ್ಲರೂ ನಕ್ಕರು.

"ನಿಮ್ಮೂರಾಗ ಹೆರಿಗಿ ಮುಂದ ಏನ ಮಾಡತಿದ್ರು?"

ಕಾಶವ್ವ ತಲೆ ಎತ್ತಿದಳು. "ಕೂಗಾಕ ಬಿಡತಿದ್ದಿಲ್ಲರಿ. ಕೂಗಿದ್ರ ನೋವು ದೊಡ್ಡದಾಕ್ಕೈತಿ ಅಂತಿದ್ರು. ಸೂಲಗಿತ್ತಿ ಒಂದ ನುಡಿ ಹೇಳಾಕಿ, ನಾವು ಒಂದ ನುಡಿ."

"ಹಂಗ ಮಾಡ್ರಿ. ಕುರ್ಚಿ ಮ್ಯಾಲ ಕೂತಕೂಡ್ಲೆ ಮನಸಿನ್ಯಾಗ ನಿಮ್ಮ ನಿಮ್ಮ ಪದ ಹೇಳಕೋರಿ. ಹೆದರಿಕಿ ಹೋಗತದ. ಆವಾಗ ಅದು ಖರೇ ನೋವನ್ನಷ್ಟ ಅಳೀತದ."

"ಫಾತಿಮಾ ಏನ ಹೇಳಬೇಕ್ರಿ?" ಎಂದು ಯಾರೋ ಕೇಳಿದರು.

"ಆಕಿ ದಿನಾ ಏನ ಹೇಳತಾಳೋ ಅದನ್ನ."

"ನಮ್ಮ ಗುರವ್ವಗ ಬೈಗಳ ಬಿಟ್ರ ಏನೂ ಬರಂಗಿಲ್ಲಲ್ರಿ?" ಮತ್ತೆ ನಗು.

ಹಿಟ್ಟಿನ ಕೈಯಲ್ಲೇ ಕಾಶವ್ವ ಅವತ್ತು ಒಂದು ನುಡಿ ಹೇಳಿ ತೋರಿಸಿದಳು. ದನಿ ತೆಳು, ಆದರೆ ಉಸಿರು ಉದ್ದ.

"ಹೊತ್ತೇರಿ ಬಂದಾವು ಹೊಲದಾನ ಹಕ್ಕಿಗಳು
ಎತ್ತಾಗ ಕಾಳು ಚೆಲ್ಲಲಿ – ನನ ತಾಯಿ
ಹತ್ತು ದಿಕ್ಕಿಗೂ ಕೈ ಮುಗದೇನ."

ಒಂದು ನುಡಿಗೆ ಹತ್ತು ಸೆಕೆಂಡು. ನಿಮಿಷಕ್ಕೆ ಆರು ಉಸಿರು. ಅಷ್ಟು ನಿಧಾನವಾಗಿ ಉಸಿರಾಡಿದರೆ ಹೃದಯ ಅದರ ಲಯಕ್ಕೆ ಬೀಳುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ಬೆವರು ನಿಲ್ಲುತ್ತದೆ. ಇದು ನಾನು ಓದಿದ ಪುಸ್ತಕದಲ್ಲೇ ಇತ್ತು. ಅಜ್ಜಿಗೆ ಪುಸ್ತಕವಿಲ್ಲದೆ ಗೊತ್ತಿತ್ತು. ಎರಡೂ ಒಂದಾದದ್ದು ನೋಡಿ ನನಗೆ ಆದ ಆನಂದವನ್ನು ಹೇಗೆ ಹೇಳಲಿ. ಲಿಂಗಪೂಜೆಯ ಹೊತ್ತಿನಲ್ಲಿ ಶಿವನಿಗೆ ಕೃತಜ್ಞತೆ ಹೇಳಿದೆ.

ಒಂದೇ ವಾರದಲ್ಲಿ ಅಂಕಗಳು ಇಳಿದವು. ಆಸ್ಪತ್ರೆಯ ಅಂಗಳ ಖಾಲಿಯಾಯಿತು. ಸಮಿತಿಯವರು ನನ್ನನ್ನು ಕರೆದು ಹೊಗಳಿದರು. 'ಪದ ಹೇಳಿಕೊಳ್ಳಿ' ಎನ್ನುವುದನ್ನು ಹನ್ನೊಂದು ಕೇಂದ್ರಗಳ ಸೂಚನೆಯ ಹಾಳೆಗೆ ಸೇರಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು.

ಹೆದರಿಕೆಯನ್ನು ಇಳಿಸುವುದು ನೋವನ್ನೂ ಇಳಿಸೀತೇ, ಕನಿಷ್ಠ ಅದರ ಗುರುತನ್ನಾದರೂ ಅಳಿಸೀತೇ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಕೇಳಿಕೊಳ್ಳುವುದಕ್ಕೆ ದೊಡ್ಡ ವಿದ್ಯೆ ಬೇಕಿರಲಿಲ್ಲ. ಸೂಲಗಿತ್ತಿ ಪದ ಹೇಳಿಸುತ್ತಿದ್ದದ್ದು ಹೆದರಿಕೆಗಲ್ಲ, ಹೆರಿಗೆಯ ನೋವಿಗೆ. ಅದನ್ನು ಕಾಶವ್ವ ನನ್ನೆದುರೇ ಹೇಳಿದ್ದಳು.

*

ಮೂರನೆಯ ಚೀಟಿ ಕೊಟ್ಟ ಮರುವಾರ ಮತ್ತೆ ವಸತಿಗೆ ಹೋಗಿದ್ದೆ. ಕಾಶವ್ವ ಮಂಚದ ಮೇಲೆ ಮಂಡಿ ಮಡಚಿಕೊಂಡು ಕೂತಿದ್ದಳು, ಹೊಟ್ಟೆಗೆ ಬಿಸಿನೀರಿನ ಬಾಟಲಿ ಒತ್ತಿಕೊಂಡಿದ್ದಳು. ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ, ಮೂರು ಚೀಟಿಗಳನ್ನೂ ಅಂಟಿಸಿದ್ದಳು.

"ನೀರ ಕುಡಿ ಅಂತ ಹೇಳಾಕ ಇಷ್ಟ ದೊಡ್ಡ ಕುರ್ಚಿ ಬೇಕಿತ್ತೇನ್ರಿ ಅಕ್ಕಾರ?" ಗುರವ್ವ ಬಾಗಿಲಲ್ಲೇ ಹಿಡಿದಳು. "ಇದನ್ನ ನಮ್ಮತ್ತಿ ಪುಕ್ಕಟೆ ಹೇಳತಿದ್ಲು."

"ಸುಮ್ಕಿರ ಬೇ," ಎಂದಳು ಕಾಶವ್ವ. "ಮಷೀನ ಸುಳ್ಳ ಹೇಳತೈತೇನು? ಇಪ್ಪತ್ಮೂರು ಬಂದೈತಿ. ಮೊದಲ ಇಪ್ಪತ್ತೆಂಟ ಇತ್ತು. ಕಡಿಮಿ ಆಗಾಕತ್ತೈತಿ."

"ಕಡಿಮಿ ಆಗಾಕತ್ತಿದ್ರ ಹಿಂಗ್ಯಾಕ ಮುದುಡಿ ಕುಂತೀ?"

"ನನಗ ರೂಢಿ ಇಲ್ಲ ಈ ಥಂಡಿ. ಮನಸಿಂದು ಇರತೈತಿ. ಎಲ್ಲಾರೂ ಹೂ ಮಾಡಾಕತ್ತಾರ, ನಾ ಒಬ್ಬಾಕಿ ಸೋಗ ಮಾಡಿದಂಗ ಆಕ್ಕೈತಿ."

ಅಂದರೆ ಆಕೆ ತನ್ನ ಹೊಟ್ಟೆಯನ್ನು ನಂಬುವುದನ್ನು ಬಿಟ್ಟಿದ್ದಳು. ನಾನು ಅಳೆದು ಕೊಟ್ಟ ಅಂಕವನ್ನು ನಂಬಿದ್ದಳು. ಅದು ನನಗೆ ಅರ್ಥವಾಗಬೇಕಿತ್ತು. ಅವತ್ತು ನಾನು ಗುರವ್ವ ಕೊಟ್ಟ ಶೇಂಗಾ ಹಿಂಡಿ ಕಟ್ಟಿಸಿಕೊಂಡು, "ನೀರು ಚೊಲೋ ಕುಡೀರಿ ಕಾಶವ್ವ" ಎಂದು ಹೇಳಿ ಬಂದೆ.

*

ಆರು ವಾರಕ್ಕೆ ನಾಲ್ಕನೆಯ ಸಲ ಬಂದಳು. ಹತ್ತೊಂಬತ್ತು. ಅದಾಗಿ ಹದಿನೆಂಟು ದಿನಕ್ಕೆ, ಬೆಳಗಿನ ಪಾಳಿಯಲ್ಲಿ, ಟೊಮೆಟೊ ಸಾಲುಗಳ ನಡುವೆ ಕಾಶವ್ವ ಬಿದ್ದಳು. ಚಿಮುಟ ಕೈಯಲ್ಲೇ ಇತ್ತಂತೆ. ಗುರವ್ವ ನೋಡಿದಾಗ ಕೆಳಗಿನ ಬಿಳಿ ಹಾಸು ರಕ್ತದಲ್ಲಿ ತೊಯ್ದಿತ್ತು. ಬಿದ್ದವರಿಗೆ ಕುರ್ಚಿ ಬೇಡ, ನೇರ ಆಸ್ಪತ್ರೆ.

ದುಭಾಷಿ ಸಿಗಲಿಲ್ಲ ಎಂದು ನನ್ನನ್ನೇ ಕರೆದರು. ಒಬ್ಬಳು ಯುವ ವೈದ್ಯೆ ಕೇಳಿದ್ದನ್ನು ನಾನು ಕನ್ನಡಕ್ಕೆ ತರುತ್ತ ಹೋದೆ.

"ಇದು ಯಾವಾಗಿಂದ ಅಂತ ಕೇಳಾಕತ್ತಾರ."

"ಹೋದ ಕಾರಹುಣ್ಣಿವಿ ಮುಂದ ಶುರುವಾತ್ರಿ. ಮುಟ್ಟ ಅಲ್ಲದಾಗೂ ಕಾಣಾಕತ್ತು."

ಒಂಬತ್ತು ತಿಂಗಳು.

"ನೋವು ಎಲ್ಲಿ?"

"ಕಿಬ್ಬೊಟ್ಟ್ಯಾಗ. ನಡಾ ಹಿಡದು ತೊಡಿ ತನಕ ಇಳೀತೈತಿ. ಕುಂತ್ರ ಒಂದು ಥರಾ, ನಿಂತ್ರ ಒಂದು ಥರಾ. ವಾಸ್ನಿ ಬರತೈತ್ರಿ, ಅದಕ್ಕ ದಿನಾ ಎರಡ ಸಲ ಮೈ ತೊಳಕೋತಿದ್ನಿ."

ಒಂದನ್ನೂ ಮುಚ್ಚಿಡಲಿಲ್ಲ. ದಿನ, ತಿಥಿ, ಬಣ್ಣ, ಎಲ್ಲ. ನಾಚಿಕೆಯ ಹೆಣ್ಣು ಎಂದು ನಾವೆಲ್ಲ ತಿಳಿದವಳು, ಗಿಡ ನೋಡಿ ರೋಗ ಹೇಳುವ ರೈತ ಹೆಂಗಸಿನ ಹಾಗೆ, ತನ್ನ ಮೈಯನ್ನು ಒಂದೊಂದಾಗಿ ಬಿಡಿಸಿಟ್ಟಳು. ವೈದ್ಯೆಯ ಲೇಖನಿ ಓಡುತ್ತಿತ್ತು.

"ಇದನ್ನ ಮೊದಲ ಯಾಕ ಹೇಳಲಿಲ್ಲ ಕಾಶವ್ವ?" ಇದು ವೈದ್ಯೆಯ ಪ್ರಶ್ನೆಯಲ್ಲ. ನನ್ನದು.

"ನೀವು ಕೇಳಲಿಲ್ಲಲ್ರಿ ಅಕ್ಕಾರ," ಎಂದಳು. ಆಕ್ಷೇಪವಿರಲಿಲ್ಲ ಅದರಲ್ಲಿ. ಬದಿಗೆ ನಿಂತ ಗುರವ್ವ ಮಾತ್ರ ನನ್ನ ಮುಖ ನೋಡದೆ ಗೋಡೆ ಕಡೆ ತಿರುಗಿದಳು.

ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್. ಸುತ್ತಲೂ ಹರಡಿತ್ತು. ಮೊದಲ ಚೀಟಿ ಕೊಟ್ಟ ದಿನ ಡಾಕ್ಟರೊಬ್ಬರು ಕೈಯಿಟ್ಟು ನೋಡಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದು ಆ ವೈದ್ಯೆ, ನಾನು ಯಾರು ಎಂದು ತಿಳಿಯದೆ, ನನಗೆ ಹೇಳಿದಳು. ಈಗ ನೋವು ಕಡಿಮೆ ಮಾಡಬಹುದು ಅಷ್ಟೆ. ಊರಿಗೆ ಕಳಿಸೋಣವೆಂದರೆ ವಿಮಾನದ ಪ್ರಯಾಣ ತಡೆಯುವ ಸ್ಥಿತಿಯಲ್ಲಿ ದೇಹ ಇರಲಿಲ್ಲ.

*

ಮರುದಿನ ಕುರ್ಚಿಯ ಕೋಣೆಗೆ ಹೋಗಿ ನಾನೇ ಕೂತೆ. ಮಾರ್ಟೆ ಗಾಜಿನ ಹಿಂದೆ ನಿಂತಳು.

ಎಡಗಾಲನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿಟ್ಟೆ. ಎರಡು ನಿಮಿಷಕ್ಕೆ ಎಲುಬನ್ನು ಯಾರೋ ಹಿಂಡಿದ ಹಾಗಾಯಿತು. ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂತೆ. ಅಂಕ ಎಪ್ಪತ್ತೊಂದು. ಕಾಲು ಒರೆಸಿಕೊಂಡು, ಒಂದು ಗಂಟೆ ಬಿಟ್ಟು, ಅದೇ ಬಕೆಟ್ಟು, ಅದೇ ಕಾಲು. ಈ ಸಲ ಅಜ್ಜಿಯ ನುಡಿಗಳನ್ನು ಹೇಳಿಕೊಂಡೆ. ನೋವು ಹೋಗಲಿಲ್ಲ. ಅದು ಅಲ್ಲೇ ಇತ್ತು, ಆದರೆ ಬಾಗಿಲ ಹೊರಗೆ ಕೂತಿತ್ತು.

ಅಂಕ ಇಪ್ಪತ್ತಾರು.

ಮಾರ್ಟೆ ಬಾಗಿಲು ತೆರೆದು ಒಳಗೆ ಬಂದಳು. ಬಕೆಟ್ಟಿನ ಪಕ್ಕ ನೆಲದ ಮೇಲೇ ಕೂತಳು. "ಎಷ್ಟು ಜನ?" ಎಂದಳು.

ಅವತ್ತು ಹಗಲೆಲ್ಲ ಹಳೆಯ ಗೆರೆಗಳನ್ನು ತೆಗೆದು ನೋಡಿದೆವು. ಮುಳ್ಳುಬೇಲಿಯಂತೆ ಶುರುವಾಗಿ, ಅರ್ಧ ನಿಮಿಷಕ್ಕೆ ಸಮತಟ್ಟಾದ ಗೆರೆಗಳು. ಮೂರು ಸಲಕ್ಕಿಂತ ಹೆಚ್ಚು ಬಂದವರು, ಪ್ರತಿ ಸಲವೂ ಚೀಟಿ ಹಿಡಿದು ಹೋದವರು. ಕಾಶವ್ವನನ್ನು ಬಿಟ್ಟು ನಮ್ಮ ಕೇಂದ್ರದಲ್ಲೇ ನಲವತ್ತಾರು.

"ಅವರನ್ನು ಇವತ್ತೇ ಕರೆದು ನೋಡಿ," ಎಂದೆ.

"ಅಂಕ ಇಲ್ಲದೆ ಹಾಸಿಗೆ ಕೊಡುವುದಿಲ್ಲ ದಾನೇಶ್ವರಿ. ನನ್ನ ಕೈಯಲ್ಲಿಲ್ಲ. ಸಮಿತಿಯನ್ನು ಕೇಳುತ್ತೇನೆ."

ಕೇಳಿದಳು, ಜಗಳವನ್ನೂ ಆಡಿದಳು. ಸಮಿತಿಯ ಉತ್ತರ ನಾಲ್ಕು ದಿನಕ್ಕೆ ಬಂತು. ಆರೋಗ್ಯವಂತ ಹೆಂಗಸೊಬ್ಬಳು ಮಂಜುಗಡ್ಡೆಯಲ್ಲಿ ಕಾಲಿಟ್ಟದ್ದು ಪುರಾವೆಯಲ್ಲ. ರೋಗ ಖಚಿತವಾದ ಒಬ್ಬ ರೋಗಿಯನ್ನು, ಔಷಧದ ಪ್ರಭಾವ ಇಳಿದ ಹೊತ್ತಿನಲ್ಲಿ, ಎರಡು ಸಲ ಅಳೆಯಬೇಕು. ಒಮ್ಮೆ ಪದ ಹೇಳಿಕೊಳ್ಳುತ್ತ, ಒಮ್ಮೆ ಹೇಳಿಕೊಳ್ಳದೆ. ಅದೇ ದೇಹ, ಅದೇ ನೋವು, ಎರಡು ಅಂಕ. ಆ ಒಂದು ಜೋಡಿ ಸಿಕ್ಕರೆ, ಸಮತಟ್ಟಾದ ಗೆರೆಯ ಅಡಿಯಲ್ಲಿ ಅಡಗಿದ ನೋವನ್ನು ಗುರುತಿಸಲು ಕುರ್ಚಿಗೆ ಕಲಿಸಬಹುದು, ಹನ್ನೊಂದು ಕೇಂದ್ರಗಳಲ್ಲೂ ತಿಂಗಳೊಳಗೆ ತಿದ್ದಬಹುದು. ಇಲ್ಲವಾದರೆ ಹೊಸ ಅಧ್ಯಯನ, ಎರಡು ವರ್ಷ.

"ಪದ ಹೇಳಬೇಡಿ ಅಂತ ಎಲ್ಲರಿಗೂ ಹೇಳಿಬಿಡೋಣ," ಎಂದಳು ಮಾರ್ಟೆ.

ಹೇಳಿ ನೋಡಿದ್ದೆ. ಮಾಡಿದ ಮೊದಲ ಕೆಲಸವೇ ಅದು. "ಹೇಳದಂಗ ಹೆಂಗ್ರಿ? ಪಟ್ಟಿ ಬಿಗದ ಕೂಡ್ಲೆ ತಾನಾ ಬರತೈತಿ," ಎಂದಿದ್ದರು ಹೆಂಗಸರು. ಎರಡು ವರ್ಷದ ರೂಢಿ. ಕಷ್ಟಪಟ್ಟು ಬಿಟ್ಟವರಿಗೆ ಹಳೆಯ ಹೆದರಿಕೆ ಮರಳಿ, ಎಲ್ಲರಿಗೂ ಎಪ್ಪತ್ತರ ಮೇಲೆ.

ನಲವತ್ತಾರು ಮನೆಗಳಿಗೂ ನಾನೇ ಹೋದೆ. ಒಬ್ಬೊಬ್ಬರ ಪಕ್ಕ ಕೂತು, ಎಲ್ಲಿ ನೋವು, ಯಾವಾಗಿಂದ, ಎಂದು ಬಾಯಿಬಿಟ್ಟು ಕೇಳಿದೆ. ಹೇಳಿದರು. ಕೆಲವರು ಅತ್ತರು, ಕೆಲವರು ಚಹಾ ಮಾಡಿಕೊಟ್ಟರು. ಬರೆದುಕೊಂಡು ಬಂದು ಆಸ್ಪತ್ರೆಯ ಮೇಜಿನ ಮೇಲಿಟ್ಟೆ. ಅಲ್ಲಿ ಕೂತಿದ್ದ ಹೆಂಗಸು ಹಾಳೆಗಳನ್ನು ತಿರುವಿ, ಬಹಳ ಮರ್ಯಾದೆಯಿಂದ, "ಇದರಲ್ಲಿ ಅಂಕ ಇಲ್ಲವಲ್ಲ" ಎಂದಳು.

ಹೀಗೆ ಎಲ್ಲ ದಾರಿಯೂ ಬಂದು ಒಂದೇ ಹಾಸಿಗೆಯ ಮುಂದೆ ನಿಂತಿತು. ರೋಗ ಖಚಿತವಾದವಳು ನಮ್ಮಲ್ಲಿ ಒಬ್ಬಳೇ ಇದ್ದಳು.

*

ಆಸ್ಪತ್ರೆಯ ಹಿಂಬದಿಯ ಕೋಣೆ. ಕಿಟಕಿಯಲ್ಲಿ ಅಪರೂಪದ ಬಿಸಿಲಿತ್ತು. ಗುರವ್ವ ಕಾಶವ್ವನ ತಲೆ ಬಾಚಿ ಹೆರಳು ಹಾಕುತ್ತಿದ್ದಳು. ಹೆರಳು ಬಹಳ ತೆಳುವಾಗಿತ್ತು.

"ಬರ್ರಿ ಅಕ್ಕಾರ," ಎಂದಳು ಕಾಶವ್ವ. "ಕುರ್ಚಿ ಮ್ಯಾಗಿನ ಬಟ್ಟಿ ತಗದು ಕೂಡ್ರಿ." ಬಂದವರಿಗೆ ಕೊಡಲು ಏನೂ ಇಲ್ಲವೆಂದು ಆಕೆಗೆ ಸಂಕೋಚ. ಆಸ್ಪತ್ರೆಯವರು ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು.

ನಾನು ಎಲ್ಲವನ್ನೂ ಹೇಳಿದೆ. ಮುಚ್ಚಿಡಲಿಲ್ಲ. ಪದ ಹೇಳಿಕೊಳ್ಳಿ ಎಂದು ಕಲಿಸಿದ್ದು ನಾನು, ಅದರಿಂದಲೇ ನಿಮ್ಮ ಅಂಕ ಇಳಿದದ್ದು, ಅದರಿಂದಲೇ ನಿಮಗೆ ಡಾಕ್ಟರು ಸಿಗದೆ ಹೋದದ್ದು. ಮಾತು ಮುಗಿದ ಮೇಲೆ ಎದ್ದು ಆಕೆಯ ಪಾದ ಮುಟ್ಟಲು ಹೋದೆ.

"ಏ, ಏನ್ರಿ ಇದು," ಎಂದು ಕಾಲು ಎಳೆದುಕೊಂಡಳು. ಆ ಚಲನೆಗೇ ನೋವಾಗಿ ಮುಖ ಕಿವುಚಿತು. "ನೀವ ಕಲಿಸಿದ್ದೇನಲ್ಲ ಬಿಡ್ರಿ. ನಮ್ಮವ್ವ ಕಲಿಸಿದ್ದು. ನೀವು ಬರೇ ನೆಪ್ಪ ಮಾಡಿದ್ರಿ."

ಗುರವ್ವ ಬಾಚಣಿಗೆ ಕೆಳಗಿಟ್ಟಳು. "ನಿಮಗ ಹೇಳಿ ಹಗೂರ ಆಕ್ಕೈತ್ರಿ ಅಕ್ಕಾರ. ಇಕೀಗೆ ಏನ ಆಕ್ಕೈತಿ ಹೇಳ್ರಿ."

ಬಂದ ಕೆಲಸವನ್ನು ಹೇಳಿದೆ. ನಾಳೆ, ಮಧ್ಯಾಹ್ನದ ಔಷಧಕ್ಕಿಂತ ಮೊದಲು, ಕುರ್ಚಿಯನ್ನು ಇಲ್ಲಿಗೇ ತರುತ್ತಾರೆ. ಮೊದಲು ಪದ ಹೇಳಿಕೊಳ್ಳುತ್ತ ನಾಲ್ಕು ನಿಮಿಷ. ಆಮೇಲೆ ಪದವಿಲ್ಲದೆ ನಾಲ್ಕು ನಿಮಿಷ. ಅಷ್ಟಾದರೆ ನಲವತ್ತಾರು ಹೆಂಗಸರಿಗೆ ಬಾಗಿಲು ತೆರೆಯುತ್ತದೆ, ಬೇರೆ ಊರುಗಳಲ್ಲಿ ಇನ್ನೆಷ್ಟು ಜನರಿಗೋ.

"ಯಾರ್ಯಾರು?" ಕೇಳಿದಳು ಕಾಶವ್ವ.

ಹೆಸರು ಹೇಳಿದೆ. ಬಸಲಿಂಗವ್ವ, ಫಾತಿಮಾ, ಹುಲಿಗೆವ್ವ, ಸಣ್ಣ ದುರಗವ್ವ. ಒಂದೊಂದು ಹೆಸರಿಗೂ ತಲೆಯಾಡಿಸಿದಳು. ಎಲ್ಲರೂ ಆಕೆಯ ಸಾಲಿನವರೇ. "ಫಾತಿಮಾಗೂ ಏನ್ರಿ? ಆಕೀದು ಕೂಸ ಇನ್ನಾ ಸಣ್ಣದೈತಿ ಊರಾಗ."

"ಹೂಂ."

ಹೊರಗೆ ಕಡಲಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಔಷಧದ ಪ್ರಭಾವ ಇಳಿಯುತ್ತಿತ್ತು ಎಂದು ಕಾಣುತ್ತದೆ. ಕಾಶವ್ವನ ಹಣೆಯ ಮೇಲೆ ಬೆವರು ಮೂಡಿತು, ತುಟಿ ಅಲುಗತೊಡಗಿತು, ಉಸಿರು ಉದ್ದವಾಯಿತು. ಆಕೆ ನೋವಿನಲ್ಲಿ ಪದ ಹೇಳಿಕೊಳ್ಳುವುದನ್ನು ಪರದೆಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಮುಖ ಶಾಂತವಾಗಿತ್ತು. ಹೊದಿಕೆಯ ಅಂಚಿನ ಹೊರಗೆ ಕಾಲಿನ ಬೆರಳುಗಳು ಒಂದರ ಮೇಲೊಂದು ಹೆಣೆದುಕೊಂಡು ನಡುಗುತ್ತಿದ್ದವು. ಕುರ್ಚಿ ಕಾಲಿನ ಬೆರಳನ್ನು ಅಳೆಯುವುದಿಲ್ಲ.

"ಕೊಡ ಬೇ ಕಾಶಿ," ಎಂದಳು ಗುರವ್ವ, ದನಿ ತಗ್ಗಿಸಿ. "ನಾಕ ನಿಮಿಷ. ಕಣ್ಣ ಮುಚ್ಚಿ ತಗದ್ರ ಆತು. ನಾ ಕೈ ಹಿಡಕೊಂಡ ನಿಂದರತೇನಿ."

ಕಾಶವ್ವ ಆಕೆಯ ಕೈಯನ್ನು ತಟ್ಟಿದಳು. ನನ್ನ ಕಡೆ ತಿರುಗಿದಳು.

"ಅಕ್ಕಾರ, ರಕ್ತ ತಗೊಂಡ್ರು, ಕೊಟ್ನಿ. ಹೊಟ್ಟಿ ಬಿಚ್ಚಿ ನೋಡತೇವಿ ಅಂದ್ರು, ಹೂಂ ಅಂದ್ನಿ. ನಾಕ ಮಂದಿ ಹುಡುಗ್ರು ಕಲಿಯಾಕಂತ ಬಂದು ಕಾಲಕಡೆ ನಿಂತು ನೋಡಿದ್ರು, ಅದಕ್ಕೂ ಸುಮ್ಮಾದ್ನಿ. ಸತ್ತ ಮ್ಯಾಲ ಈ ಮೈ ಬೇಕಂದ್ರ ತಗೋರಿ, ಕೊಯ್ದು ನೋಡ್ರಿ, ಫಾತಿಮಾಗ ಉಪಯೋಗ ಆಗಲಿ. ಬರಕೋರಿ, ಹೆಬ್ಬಟ್ಟ ಒತ್ತತೇನಿ."

"ಸತ್ತ ಮ್ಯಾಲಿಂದು ಕುರ್ಚಿಗೆ ಉಪಯೋಗ ಆಗೂದಿಲ್ಲ ಕಾಶವ್ವ. ಬರೇ ನಾಕು ನಿಮಿಷ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದೆ. ಆಕೆ ನನ್ನ ಮುಗಿದ ಕೈಗಳನ್ನು ಹಿಡಿದು, ಬಿಡಿಸಿ, ನನ್ನ ಮಡಿಲಲ್ಲಿಟ್ಟಳು. ಆ ಬೆರಳುಗಳಲ್ಲಿ ಹೂ ಬಿಡಿಸುವ ನವಿರು ಇನ್ನೂ ಇತ್ತು.

"ಪದ ಬಿಟ್ಟು ಕೂಡಂಗಿಲ್ರಿ," ಎಂದಳು. "ಈ ನೋವಿನ್ಯಾಗ ನನ್ನ ಹಿಡಕೊಂಡಿರೂದು ಅದೊಂದ. ನಾಕ ನಿಮಿಷ ಅಲ್ಲ, ಒಂದ ಉಸರೂ ಇಲ್ಲ. ಮತ್ತ ಕೇಳಬ್ಯಾಡ್ರಿ."